ಮನೆ ಕಂದಾಯದ ರಸೀದಿಯಲ್ಲೊಂದು ಗ್ರಂಥಾಲಯ

ನಗರಗಳಲ್ಲಿ ಸ್ವಂತ ಮನೆಯುಳ್ಳವರು ವರ್ಷಕ್ಕೊಮ್ಮೆ ಕಂದಾಯ ಕಟ್ಟಿ, ರಸೀದಿಯನ್ನು ಮಡಚಿ ಬೀರುವಿನಲ್ಲಿಡುತ್ತಾರೆ. ಅದನ್ನು ಬಿಡಿಸಿ ಓದಿದರೆ ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆಯಲ್ಲಿ ಗ್ರಂಥಾಲಯ ಕರ ಎಂಬ ಹೆಸರೂ ಕಾಣುತ್ತದೆ. ಆಸ್ತಿ ತೆರಿಗೆಯ ಮೇಲೆ ಶೇಕಡಾ 6. ತಾವು ಪುಸ್ತಕಗಳಿಗಾಗಿ ದುಡ್ಡು ಕೊಟ್ಟಿದ್ದೇವೆಂದು ಕಟ್ಟಿದವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಆದರೆ ಆ ಒಂದು ಸಾಲು ಅಲ್ಲಿಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಯೋಚನೆ ಬೇಕಾಯಿತು.

ಕತೆ ಶುರುವಾಗುವುದು ಬರೋಡದಲ್ಲಿ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ಪ್ರದೇಶದಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗ ಮಾಡಿ ನೋಡಿದರು. 1906ರಲ್ಲಿ ಅದನ್ನು ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಹೀಗೆ ಮಾಡಿದಾಗ ಒಂದು ತೊಡಕು ಎದುರಾಗುತ್ತದೆ. ನಾಲ್ಕು ವರ್ಷ ಶಾಲೆಗೆ ಹೋದ ಹುಡುಗ ಮತ್ತೆ ಹೊಲಕ್ಕೆ ಇಳಿಯುತ್ತಾನೆ. ಓದಲು ಏನೂ ಸಿಗದಿದ್ದರೆ ಕಲಿತ ಅಕ್ಷರ ಕೆಲವೇ ವರ್ಷಗಳಲ್ಲಿ ಮರೆತುಹೋಗುತ್ತದೆ. ಶಾಲೆಗೆ ಸುರಿದ ಹಣ ಉಳಿಯಬೇಕಾದರೆ ಶಾಲೆಯ ಆಚೆಗೂ ಪುಸ್ತಕ ಬೇಕು. ಹಾಗಾಗಿ ಬರೋಡದ ಗ್ರಂಥಾಲಯಗಳು ಶಿಕ್ಷಣದ ಲೆಕ್ಕಾಚಾರದ ಮುಂದುವರಿದ ಭಾಗವಾಗಿಯೇ ಹುಟ್ಟಿದವು.

1910ರಲ್ಲಿ ಅಮೆರಿಕದಿಂದ ವಿಲಿಯಂ ಆಲನ್ಸನ್ ಬೋರ್ಡೆನ್ ಎಂಬ ಗ್ರಂಥಪಾಲಕರನ್ನು ಮಹಾರಾಜರು ಕರೆಸಿಕೊಂಡರು. ಅವರು ಇದ್ದದ್ದು ಮೂರು ವರ್ಷ ಮಾತ್ರ. ಅಷ್ಟರಲ್ಲಿ ಅರಮನೆಯ ಪುಸ್ತಕ ಸಂಗ್ರಹವನ್ನು ಮೂಲವಾಗಿಟ್ಟುಕೊಂಡು ಕೇಂದ್ರ ಗ್ರಂಥಾಲಯ ಕಟ್ಟಿದರು, ಇಲ್ಲಿನವರಿಗೇ ತರಬೇತಿ ಕೊಟ್ಟರು, ಊರೂರಿಗೆ ಹೋಗುವ ಪುಸ್ತಕದ ಪೆಟ್ಟಿಗೆಗಳ ವ್ಯವಸ್ಥೆ ಮಾಡಿದರು. ಗ್ರಂಥಾಲಯವಿಲ್ಲದ ಹಳ್ಳಿಗೂ ಪೆಟ್ಟಿಗೆ ಹೋಗುತ್ತಿತ್ತು. ಸಾಗಣೆಯ ಖರ್ಚು ಸರ್ಕಾರದ್ದು. ಬೋರ್ಡೆನ್ ಬರುವ ಮೊದಲೇ ಮೋತಿಭಾಯಿ ಅಮೀನ್ ಎಂಬ ಶಾಲಾ ಮೇಷ್ಟ್ರು ಹಳ್ಳಿಗಳಲ್ಲಿ ಮಿತ್ರ ಮಂಡಳಿಗಳನ್ನು ಕಟ್ಟಿ ಓದುವ ಅಭ್ಯಾಸಕ್ಕೆ ನೆಲ ಹದ ಮಾಡಿದ್ದರು ಎಂಬುದನ್ನೂ ಮರೆಯಬಾರದು.

ಈ ಯೋಜನೆಯ ನಿಜವಾದ ಜಾಣತನ ಇದ್ದದ್ದು ಹಣದ ಹಂಚಿಕೆಯಲ್ಲಿ. ಹಳ್ಳಿಯವರು ತಮ್ಮ ಪಾಲನ್ನು ಕೂಡಿಸಿದರೆ ಪ್ರಾಂತದ ಪಂಚಾಯತಿ ಅಷ್ಟೇ ಹಣ ಸೇರಿಸಬೇಕು, ಸರ್ಕಾರವೂ ಅಷ್ಟೇ ಕೊಡಬೇಕು. ಮೂರರಲ್ಲಿ ಒಂದು ಪಾಲು ಊರಿನದು. ಕೈಯಿಂದ ದುಡ್ಡು ಹಾಕಿದ ಮೇಲೆ ಬಾಗಿಲು ತೆರೆದಿದೆಯೇ, ಹೊಸ ಪುಸ್ತಕ ಬಂದಿದೆಯೇ ಎಂದು ಊರವರು ಕೇಳದೆ ಇರುತ್ತಾರೆಯೇ? ದೌರ್ಬಲ್ಯವೂ ಇತ್ತು. ಇದೆಲ್ಲ ನಿಂತಿದ್ದು ಒಬ್ಬ ದೊರೆಯ ಇಚ್ಛೆಯ ಮೇಲೆ. 1939ರಲ್ಲಿ ಸಯಾಜಿರಾವ್ ತೀರಿಕೊಂಡರು. 1949ರಲ್ಲಿ ಬರೋಡ ಮುಂಬಯಿ ಪ್ರಾಂತದೊಳಗೆ ವಿಲೀನವಾಯಿತು.

ಅದೇ ಕಾಲದ ಮೈಸೂರಿನಲ್ಲೂ ಯೋಜನೆಯ ಗಾಳಿ ಬೀಸುತ್ತಿತ್ತು. 1911ರಲ್ಲಿ ಶುರುವಾದ ಆರ್ಥಿಕ ಸಮ್ಮೇಳನ ಕೃಷಿ, ಶಿಕ್ಷಣ, ಕೈಗಾರಿಕೆಗಳನ್ನು ಒಟ್ಟಿಗೇ ಇಟ್ಟು ನೋಡಿತು. 1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, ಬೆಂಗಳೂರು ಮತ್ತು ಮೈಸೂರಿನ ಸಾರ್ವಜನಿಕ ಗ್ರಂಥಾಲಯಗಳು, 1916ರಲ್ಲಿ ವಿಶ್ವವಿದ್ಯಾನಿಲಯ ಒಂದರ ಹಿಂದೆ ಒಂದು ಬಂದವು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಓದುಗರಿಗೆ ಬಾಗಿಲು ತೆರೆದದ್ದು ಆಗಲೇ. 1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಅಕ್ಷರ ಕಲಿತವರಿಗೆಂದೇ ‘ಬೆಳಕು’ ವಾರಪತ್ರಿಕೆ ತಂದಿತು, ಹಳ್ಳಿಗಳಿಗೆ ಪುಸ್ತಕ ಮುಟ್ಟಿಸಿತು. ಕಲಿತದ್ದು ಮರೆಯಬಾರದು ಎಂಬ ಬರೋಡದ ಯೋಚನೆಯೇ ಇಲ್ಲೂ ಕೆಲಸ ಮಾಡಿತು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ಕಡೆಯ ಅನುಭವ ಬೇರೆ. 1939ರಲ್ಲಿ ನೇಮಕವಾದ ಫೈಜಿ ಸಮಿತಿ ಕೇಂದ್ರ, ಪ್ರಾದೇಶಿಕ, ಜಿಲ್ಲೆ, ತಾಲ್ಲೂಕು, ಹಳ್ಳಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಗ್ರಂಥಾಲಯಗಳ ನಕ್ಷೆ ಬರೆಯಿತು. ಕಾಗದದ ಮೇಲೆ ಅದಕ್ಕಿಂತ ಅಚ್ಚುಕಟ್ಟಾದ ಯೋಜನೆ ಇನ್ನೊಂದಿಲ್ಲ. ಆದರೆ ಬೊಕ್ಕಸದಲ್ಲಿ ಹಣವಿಲ್ಲವೆಂದು ಅದು ವರ್ಷಗಟ್ಟಲೆ ಕಾಯಬೇಕಾಯಿತು. ಬರೋಡದಲ್ಲಿ ಹಣದ ದಾರಿಯನ್ನು ಮೊದಲು ಹುಡುಕಿ ಆಮೇಲೆ ಕಟ್ಟಡ ಕಟ್ಟಿದ್ದರು. ಇಲ್ಲಿ ಕಟ್ಟಡದ ನಕ್ಷೆ ಮೊದಲು ಬಂತು.

ದೊರೆಯ ಇಚ್ಛೆಯನ್ನೂ ಬೊಕ್ಕಸದ ಮರ್ಜಿಯನ್ನೂ ನಂಬದೆ ನಿಲ್ಲುವ ವ್ಯವಸ್ಥೆ ಹೇಗಿರಬೇಕು? ಇದಕ್ಕೆ ಉತ್ತರ ಹುಡುಕಿದವರು ಶಿಯಾಳಿ ರಾಮಾಮೃತ ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನು ಕಣ್ಣಾರೆ ನೋಡಿ ಬಂದರು. 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟಿತು. ಅದೇ ವರ್ಷ ಅವರ ಐದು ಸೂತ್ರಗಳ ಪುಸ್ತಕವೂ ಬಂತು. ಅದಕ್ಕೂ ಮುಂಚೆ, 1930ರ ಕೊನೆಯಲ್ಲಿ, ಕಾಶಿಯ ಶಿಕ್ಷಣ ಸಮ್ಮೇಳನದಲ್ಲಿ ಅವರು ಗ್ರಂಥಾಲಯ ಕಾನೂನಿನ ಮಾದರಿ ಕರಡೊಂದನ್ನು ಮಂಡಿಸಿದ್ದರು. ಗ್ರಂಥಾಲಯಕ್ಕೆ ಕಾನೂನು ಇರಬೇಕು, ಕಾನೂನಿನಲ್ಲೇ ಹಣದ ಮೂಲ ಇರಬೇಕು ಎಂಬುದು ಅವರ ಹಟ. ಮದ್ರಾಸಿನಲ್ಲಿ 1948ರಲ್ಲಿ ಕಾನೂನು ಬಂತು. 1950ರಲ್ಲಿ ಅವರು ಇಡೀ ದೇಶಕ್ಕೆ 30 ವರ್ಷಗಳ ಗ್ರಂಥಾಲಯ ಯೋಜನೆಯೊಂದನ್ನೇ ಬರೆದರು.

ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ಬಂತು. ರಾಜ್ಯ, ನಗರ, ಜಿಲ್ಲೆಗಳಿಗೆ ಗ್ರಂಥಾಲಯ ಪ್ರಾಧಿಕಾರಗಳಾದವು. ಸ್ಥಳೀಯ ಸಂಸ್ಥೆಗಳು ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲು ಮಾಡಿ ಆ ಪ್ರಾಧಿಕಾರಗಳಿಗೆ ಒಪ್ಪಿಸಬೇಕು ಎಂದಾಯಿತು. ಕಬ್ಬನ್ ಪಾರ್ಕಿನ ಗ್ರಂಥಾಲಯ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಇನ್ನು ಯಾವ ಮಂತ್ರಿಯ ಮುಂದೆಯೂ ಕೈ ಚಾಚಬೇಕಿಲ್ಲ ಎಂಬ ಭರವಸೆ ಆ ಕಾನೂನಿನಲ್ಲಿತ್ತು.

ಭರವಸೆ ಪೂರ್ತಿ ಈಡೇರಲಿಲ್ಲ. ವಸೂಲಾದ ಕರ ಪ್ರಾಧಿಕಾರಗಳಿಗೆ ಸಕಾಲಕ್ಕೆ ಬರುವುದಿಲ್ಲ, ಬಾಕಿ ಬೆಳೆಯುತ್ತಲೇ ಇದೆ ಎಂಬ ದೂರು ಗ್ರಂಥಾಲಯ ವಲಯದಲ್ಲಿ ಹಳೆಯದು. ನನಗನ್ನಿಸುವಂತೆ ಇದಕ್ಕೆ ಒಂದು ಕಾರಣ ಯೋಜನೆಯೊಳಗೇ ಇದೆ. ಬರೋಡದ ಹಳ್ಳಿಯವನಿಗೆ ತನ್ನ ಪಾಲು ಎಷ್ಟೆಂದು ಗೊತ್ತಿತ್ತು. ನಮ್ಮ ಪಾಲು ರಸೀದಿಯ ಸಣ್ಣ ಅಕ್ಷರಗಳಲ್ಲಿ ಅಡಗಿದೆ. ರಂಗನಾಥನ್ ಹಣವನ್ನು ಕಾಯಂ ಮಾಡಿಸಿದರು. ಆದರೆ ಆ ಹಣದ ಲೆಕ್ಕ ಕೇಳುವ ಊರನ್ನು ಯಾವ ಕಾನೂನೂ ಹುಟ್ಟಿಸಲಾರದು.

2019ರಲ್ಲಿ ಗ್ರಾಮ ಪಂಚಾಯತಿ ಮಟ್ಟದ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡಿತು. ಪಂಚಾಯತಿ ಕಟ್ಟಡದ ಪಕ್ಕದಲ್ಲೇ ಗ್ರಂಥಾಲಯ ಇರುವಾಗ, ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪಗಳ ಬಗ್ಗೆ ಕೇಳುವವರು ಈ ವರ್ಷ ಯಾವ ಪುಸ್ತಕ ಬಂತು ಎಂದೂ ಕೇಳಬಹುದು. ನಗರದಲ್ಲಿರುವವರು ಬೀರುವಿನಿಂದ ರಸೀದಿ ತೆಗೆದು, ಆ ಸಾಲಿನ ಮುಂದಿರುವ ಮೊತ್ತ ನೋಡಿಕೊಂಡು, ಬಡಾವಣೆಯ ಗ್ರಂಥಾಲಯಕ್ಕೆ ಒಂದು ಸಂಜೆ ಹೋಗಿ ಬರಬಹುದು.