ಕೃಷ್ಣೆಯ ದಡದಲ್ಲಿ ಕರ್ಕಿಯ ಮೇಳ

ಪ್ರತಿ ವರುಷ ನವೆಂಬರ್ 5ನೆಯ ದಿನ ಮಹಾರಾಷ್ಟ್ರದಲ್ಲಿ ರಂಗಭೂಮಿ ದಿನವನ್ನು ಆಚರಿಸುತ್ತಾರೆ. ಸಾಂಗಲಿಯಲ್ಲಂತೂ ಅಂದು ಹಬ್ಬ. ವಿಷ್ಣುದಾಸ ಭಾವೆಯವರ ಹೆಸರಿನ ಪದಕವನ್ನು ಹಿರಿಯ ಕಲಾವಿದರೊಬ್ಬರಿಗೆ ಕೊಟ್ಟು ಗೌರವಿಸುವ ವಾಡಿಕೆ ಅಲ್ಲಿದೆ. 1843ನೆಯ ಇಸವಿಯಲ್ಲಿ ಅದೇ ತಾರೀಖಿಗೆ ಸಾಂಗಲಿಯ ಅರಸರ ಮುಂದೆ ಭಾವೆಯವರ ‘ಸೀತಾಸ್ವಯಂವರ’ದ ಪ್ರಯೋಗವಾಯಿತು. ಮರಾಠಿ ರಂಗಭೂಮಿಯ ಹುಟ್ಟುಹಬ್ಬವೆಂದು ಆ ದಿನವನ್ನೇ ಎಣಿಸುತ್ತಾರೆ. ತಂಜಾವೂರಿನ ಭೋಸಲೆ ಅರಸರು ಅದಕ್ಕೂ ಬಹಳ ಮೊದಲೇ ಮರಾಠಿಯಲ್ಲಿ ನಾಟಕಗಳನ್ನು ಬರೆದಿದ್ದರೆಂಬುದು ಬೇರೆ ಮಾತು. ಹುಟ್ಟುಹಬ್ಬಗಳ ವಿಷಯದಲ್ಲಿ ಇಷ್ಟು ಸಡಿಲು ಎಲ್ಲ ಭಾಷೆಗಳಲ್ಲಿಯೂ ಸಲ್ಲುತ್ತದೆ.

ನಮ್ಮ ಕಾಗವಾಡವನ್ನು ಬಿಟ್ಟು ಮೀರಜವನ್ನು ದಾಟಿದರೆ ಸಾಂಗಲಿ ಬಂದೇ ಬಿಟ್ಟಿತು. ಸಾಂಗಲಿಯ ಘಾಟಿನ ಮುಂದೆ ಹರಿದ ಕೃಷ್ಣೆಯ ನೀರೇ ಮುಂದೆ ಯಡೂರು, ಕುಡಚಿ, ಉಗಾರಗಳನ್ನು ಮುಟ್ಟುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆಯ ಜನ ಆಸ್ಪತ್ರೆಗೆಂದು, ವ್ಯಾಪಾರಕ್ಕೆಂದು, ಬೀಗತನಕ್ಕೆಂದು ಆ ಊರುಗಳಿಗೆ ಹೋಗಿ ಬರುತ್ತಲೇ ಇರುತ್ತಾರೆ. ಆದರೂ ನನ್ನ ತರಗತಿಯಲ್ಲಿ ಕುಳಿತ ಹುಡುಗರಿಗೆ, ಆ ಹುಟ್ಟುಹಬ್ಬದ ಹಿಂದಿನ ವರುಷ ಅದೇ ಸಾಂಗಲಿಯಲ್ಲಿ ಏನಾಯಿತೆಂದು ಕೇಳಿದರೆ ಒಬ್ಬರ ಮೋರೆಯನ್ನೊಬ್ಬರು ನೋಡಿಕೊಳ್ಳುತ್ತಾರೆ. ಅವರನ್ನೇಕೆ ಅನ್ನಬೇಕು? ಅದನ್ನು ಅವರಿಗೆ ಹೇಳಿಕೊಡಬೇಕಾದ ಪುಸ್ತಕಗಳೇ ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿವೆ.

1842ರಲ್ಲಿ ಉತ್ತರ ಕನ್ನಡದ ಹೊನ್ನಾವರದ ಹತ್ತಿರದ ಕರ್ಕಿಯಿಂದ ಒಂದು ಯಕ್ಷಗಾನ ಮೇಳ ಸಾಂಗಲಿಗೆ ಬಂದಿತು. ಇದಿಷ್ಟೇ ಆ ಸಾಲು. ಮರಾಠಿ ಬರಹಗಳಲ್ಲಿ ಅವರು ಹೆಚ್ಚಾಗಿ ‘ಕರ್ನಾಟಕದ ಭಾಗವತ ಮಂಡಳಿ’ ಎಂಬ ಒಂದೇ ಮಾತಿನೊಳಗೆ ಬಂದು ಹೋಗುತ್ತಾರೆ. ಕರ್ಕಿಯೆಂದರೆ ಇಂದಿಗೂ ಯಕ್ಷಗಾನದವರಿಗೆ ಗೊತ್ತಿರುವ ಊರು. ಅಲ್ಲಿಯ ಹಾಸ್ಯಗಾರ ಮನೆತನದ ಹೆಸರನ್ನು ಕೇಳದವರು ಆ ಕಡೆಯಲ್ಲಿ ವಿರಳ. ಕಡಲ ತೆರೆಯ ಸಪ್ಪಳದಲ್ಲಿ ಬೆಳೆದ ಆ ಜನ ಸಹ್ಯಾದ್ರಿಯ ಘಟ್ಟವನ್ನೇರಿ, ಮಲೆನಾಡನ್ನು ದಾಟಿ, ಜೋಳದ ಕರಿಯ ಹೊಲಗಳ ಈ ಬಯಲಿಗೆ ಬಂದದ್ದು ರೈಲಿಲ್ಲದ ಕಾಲದಲ್ಲಿ. ಕಿರೀಟ, ಭುಜಕೀರ್ತಿ, ಚಂಡೆ, ಮದ್ದಲೆ ಎಲ್ಲವನ್ನೂ ಹೊತ್ತುಕೊಂಡೇ ಬರಬೇಕು.

ಮೇಳದವರ ವರುಷವು ನಮ್ಮ ವರುಷದ ಹಾಗಲ್ಲ. ಮಳೆಗಾಲವೆಲ್ಲ ಅವರು ಊರಲ್ಲಿ ಗದ್ದೆ ತೋಟಗಳ ಕೆಲಸದಲ್ಲಿರುವವರು. ಮಳೆ ನಿಂತು ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟರೆ ಮತ್ತೆ ಮುಂಗಾರಿನ ಮೋಡ ಕಾಣುವವರೆಗೆ ಊರೂರು. ಬೇಸಿಗೆಯೇ ಅವರ ಸುಗ್ಗಿ. ದಿನದ ಲೆಕ್ಕವೂ ತಿರುಗುಮುರುಗು: ಹಗಲು ಛತ್ರದಲ್ಲಿಯೋ ಗುಡಿಯ ಪೌಳಿಯಲ್ಲಿಯೋ ನಿದ್ದೆ, ಇರುಳೆಲ್ಲ ಎಚ್ಚರ. ಊರಿನವರು ಉಂಡು ದೀಪ ಸಣ್ಣ ಮಾಡುವ ಹೊತ್ತಿಗೆ ಇವರು ಮುಖಕ್ಕೆ ಬಣ್ಣ ಬಳಿದುಕೊಳ್ಳಲು ಕುಳಿತುಕೊಳ್ಳುತ್ತಾರೆ.

ಬಡಗುತಿಟ್ಟಿನ ಆಟವನ್ನು ಬಲ್ಲವರು ಸಾಂಗಲಿಯ ಆ ರಾತ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳಬಲ್ಲರು. ಎಣ್ಣೆಯ ದೊಂದಿಗಳ ಬೆಳಕು, ಹೊಗೆ. ಹಿಂದೆ ನಿಂತ ಭಾಗವತ ತಾಳ ಹಿಡಿದು ಮೊದಲು ಗಣಪತಿಯನ್ನು ಸ್ತುತಿಸುತ್ತಾನೆ. ಇಬ್ಬರು ಹಿಡಿದ ತೆರೆಯ ಹಿಂದೆ ವೇಷಗಳು ಬಂದು ನಿಲ್ಲುತ್ತವೆ. ತೆರೆಯನ್ನು ತುಸು ತುಸುವೇ ಇಳಿಸಿ ಕಿರೀಟದ ತುದಿ ಮೊದಲು, ಆಮೇಲೆ ಕಣ್ಣು, ಆಮೇಲೆ ಮೈ ಎಂದು ನೋಡುವವರನ್ನು ಕಾಡಿಸುತ್ತಾರೆ. ರಕ್ಕಸನ ಪಾತ್ರ ಬಂದಿತೆಂದರೆ ಚಂಡೆಯ ಅಬ್ಬರದೊಳಗೆ ಅವನ ಕೂಗು ಬೇರೆ. ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕು. ಪದ್ಯವನ್ನೆಲ್ಲ ಭಾಗವತನೇ ಹಾಡುತ್ತಾನೆ; ಅದರ ಅರ್ಥವನ್ನು ಪಾತ್ರಧಾರಿಗಳು ಬರೆದಿಟ್ಟುಕೊಂಡು ಒಪ್ಪಿಸುವುದಿಲ್ಲ, ಅಲ್ಲಿಯೇ ಕಟ್ಟಿ ಆಡುತ್ತಾರೆ. ನಡುನಡುವೆ ಹಾಸ್ಯಗಾರ ಬಂದು ದೇವತೆಗಳನ್ನೂ ಬಿಡದೆ ಚೇಷ್ಟೆ ಮಾಡುತ್ತಾನೆ. ಬೆಳ್ಳಿ ಮೂಡುವವರೆಗೂ ಇದು ನಡೆಯುತ್ತದೆ.

ಇದನ್ನು ನೋಡಿದ ಸಾಂಗಲಿಯ ಸಂಸ್ಥಾನಿಕರು ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರು. ಮೀರಜದ ಮನೆತನದಿಂದ ಪಾಲಾಗಿ ಬಂದು 1801ರಲ್ಲಿ ಸಾಂಗಲಿಯನ್ನು ತಮ್ಮ ರಾಜಧಾನಿಯಾಗಿ ಕಟ್ಟಿದವರು ಅವರೇ. ಅವರಿಗೆ ಆಟ ಮೆಚ್ಚಿಗೆಯೂ ಆಯಿತು, ಒರಟೆಂದೂ ಅನಿಸಿತು. ತಮ್ಮ ಆಶ್ರಯದಲ್ಲಿದ್ದ, ಇಪ್ಪತ್ತರ ಹರೆಯದ ವಿಷ್ಣು ಅಮೃತ ಭಾವೆಯನ್ನು ಕರೆದು, ಇದರೊಳಗಿನ ಒಡ್ಡುತನವನ್ನು ತೆಗೆದುಹಾಕಿ ನಮ್ಮ ಮರಾಠಿಯಲ್ಲಿ ಇಂಥದೊಂದನ್ನು ಮಾಡು ಎಂದು ಅಪ್ಪಣೆ ಕೊಟ್ಟರು. ಭಾವೆ ಪದ್ಯ ಕಟ್ಟಿದ, ಹುಡುಗರನ್ನು ಕೂಡಿಸಿದ, ತಾಲೀಮು ಮಾಡಿಸಿದ. ವರುಷ ತುಂಬುವಷ್ಟರಲ್ಲಿ ‘ಸೀತಾಸ್ವಯಂವರ’ ಸಿದ್ಧವಾಯಿತು.

ಹಾಗಾದರೆ ಒಡ್ಡುತನವೆಂದು ತೆಗೆದುಹಾಕಿದ್ದು ಯಾವುದು, ಇಟ್ಟುಕೊಂಡದ್ದು ಯಾವುದು? ನನಗೆ ಈ ಇತಿಹಾಸದಲ್ಲೆಲ್ಲ ಬಹಳ ಸ್ವಾರಸ್ಯದ್ದಾಗಿ ಕಾಣುವ ಪ್ರಶ್ನೆ ಇದೇ. ಭಾವೆಯವರ ಆಟದ ವಿವರಗಳನ್ನು ಓದಿ ನೋಡಿರಿ. ರಂಗದ ಮೇಲೆ ಸೂತ್ರಧಾರ ತನ್ನ ಹಿಮ್ಮೇಳದೊಂದಿಗೆ ನಿಂತು ಮಂಗಳಾಚರಣೆ ಮಾಡುತ್ತಾನೆ. ಕಾಡಿನವನ ವೇಷದಲ್ಲಿ ವಿದೂಷಕ ಕುಣಿಯುತ್ತ ಬರುತ್ತಾನೆ. ಗಣಪತಿ ಬರುತ್ತಾನೆ, ನವಿಲಿನ ಮೇಲೆ ಸರಸ್ವತಿ ಬರುತ್ತಾಳೆ. ಆಮೇಲೆ ಕಥೆ. ಪದ್ಯವೆಲ್ಲ ಸೂತ್ರಧಾರನದು, ಕಥೆಯ ಎಳೆಯೂ ಅವನ ಕೈಯಲ್ಲಿ. ಮಾತನ್ನು ಪಾತ್ರಧಾರಿಗಳು ಆ ಹೊತ್ತಿಗೆ ಹೊಳೆದಂತೆ ಆಡುತ್ತಾರೆ. ಭಾಗವತನ ಹೆಸರು ಸೂತ್ರಧಾರನೆಂದಾಯಿತು, ಕನ್ನಡವಿದ್ದಲ್ಲಿ ಮರಾಠಿ ಬಂದಿತು. ಕುಣಿತ ಹಿಂದೆ ಸರಿದು ಮಾತು ಮುಂದೆ ಬಂದಿತು. ಇನ್ನು ರಕ್ಕಸರು? ಅವರು ಕತ್ತಿ ಝಳಪಿಸಿ ಆರ್ಭಟಿಸುತ್ತಲೇ ಬಂದರು. ಎಷ್ಟೆಂದರೆ, ಆ ಕೂಗನ್ನು ಹಿಡಿದುಕೊಂಡೇ ಮುಂದಿನ ತಲೆಮಾರಿನ ಓದಿದ ಮರಾಠಿಗರು ಭಾವೆಯ ಸಂಪ್ರದಾಯದ ಪೌರಾಣಿಕ ಆಟಗಳಿಗೆಲ್ಲ ‘ಅಲಲಡುರ್ರ’ ನಾಟಕಗಳೆಂದು ಅಡ್ಡಹೆಸರಿಟ್ಟು ನಕ್ಕರು. ಅರಸರು ಕರ್ಕಿಯವರನ್ನು ಕುರಿತು ಆಡಿದ ಮಾತನ್ನೇ ಐವತ್ತು ವರುಷದೊಳಗೆ ಸಾಂಗಲಿಯ ಆಟವೂ ಕೇಳಬೇಕಾಯಿತು.

ಒರಟುತನವೆಂದು ಯಾವುದನ್ನು ಬೈಯುತ್ತಾರೋ ಅದೇ ಎಷ್ಟೋ ವೇಳೆ ಆಟದ ಜೀವವಾಗಿರುತ್ತದೆ. ರಾಮನ ಮೃದುವಾದ ಮಾತು ಯಾರಿಗೆ ನೆನಪಿರುತ್ತದೆ? ನಮ್ಮ ರಾಯಬಾಗದ ಕಡೆಯ ಹಳ್ಳಿಗಳಲ್ಲಿ ನಾನು ಬೇಸಿಗೆಯ ರಾತ್ರಿಗಳಲ್ಲಿ ನೋಡಿದ ಪಾರಿಜಾತದಲ್ಲಿಯೂ ಜನ ನಿದ್ದೆಗೆಟ್ಟು ಕಾಯುತ್ತಿದ್ದುದು ಕೃಷ್ಣನಿಗಾಗಿ ಅಲ್ಲ, ಸತ್ಯಭಾಮೆಯ ಸಿಟ್ಟಿಗಾಗಿ ಮತ್ತು ಅವಳ ದೂತಿಯ ಹರಿತ ನಾಲಗೆಗಾಗಿ. ಓದಿದವರು ಆ ಮಾತುಗಳನ್ನು ಕೇಳಿ ಮುಖ ಸಿಂಡರಿಸುತ್ತಿದ್ದರು, ಎದ್ದು ಮಾತ್ರ ಹೋಗುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಲಾಗದು. ಕರ್ಕಿಯವರು ಸಾಂಗಲಿಗೆ ಬಂದದ್ದು ಪರದೇಶಕ್ಕೆ ಬಂದಂತೆ ಎನ್ನುತ್ತೇವೆ. ಆದರೆ ಸಾಂಗಲಿಯ ಸಂಸ್ಥಾನವೆಂದರೆ ಬರಿಯ ಮರಾಠಿ ಸೀಮೆಯಾಗಿರಲಿಲ್ಲ. ಬೆಳಗಾವಿಯನ್ನು ಹೊಂದಿಕೊಂಡ ಶಹಾಪುರ, ನಮ್ಮ ಅಥಣಿ ರಾಯಬಾಗಗಳ ನೆರೆಯ ತೇರದಾಳ, ಆಚೆ ಗದಗಿನ ಬದಿಯ ಶಿರಹಟ್ಟಿ, ಇವೆಲ್ಲ ಪಟವರ್ಧನರ ಆಳಿಕೆಯಲ್ಲಿದ್ದ ಕನ್ನಡ ಊರುಗಳು. ರಾಯಬಾಗ ಕೊಲ್ಲಾಪುರದ ಮಹಾರಾಜರ ಕೈಯಲ್ಲಿದ್ದಿತು. ಹೊಲ ಒಂದು ಸರಕಾರದ್ದು, ಬಾವಿ ಇನ್ನೊಂದರದು ಎನ್ನುವ ಹಾಗೆ ಈ ಸೀಮೆ ತುಂಡುತುಂಡಾಗಿದ್ದಿತು. ದರಬಾರದ ಭಾಷೆ ಮರಾಠಿ. ಕಂದಾಯ ಕಟ್ಟುವವರ ಭಾಷೆ ಬಹಳ ಕಡೆ ಕನ್ನಡ. ಆದುದರಿಂದ ಆ ಇರುಳು ಕನ್ನಡ ಪದ್ಯ ಕೇಳಿದ ಅರಸರಿಗೆ ಅದು ಚೀನೀ ಭಾಷೆಯಂತೆ ಕೇಳಿರಲಾರದು. ತಮ್ಮದೇ ಪ್ರಜೆಗಳಲ್ಲಿ ಅರ್ಧ ಜನರ ಮಾತನ್ನು ಅವರು ರಂಗದ ಮೇಲೆ ಕೇಳಿದರು. ಅದನ್ನು ಉಳಿದ ಜನರ ಮಾತಿನಲ್ಲಿ ಆಡಿಸಬೇಕೆಂದರು. ಇತ್ತೀಚೆಗೆ ತಾಲೂಕುಗಳಾದ ನಿಪ್ಪಾಣಿ, ಕಾಗವಾಡಗಳ ಪೇಟೆಯಲ್ಲಿ ಅರ್ಧ ಗಳಿಗೆ ನಿಂತರೆ ಇಂದಿಗೂ ಇದು ತಿಳಿಯುತ್ತದೆ. ಅಂಗಡಿಯವ ಒಂದು ಗಿರಾಕಿಗೆ ಕನ್ನಡದಲ್ಲಿ ಬೆಲೆ ಹೇಳಿ, ಮುಂದಿನವನಿಗೆ ಮರಾಠಿಯಲ್ಲಿ ಚೌಕಾಶಿ ಮಾಡುತ್ತಾನೆ. ನಾವು ‘ಆಟ’ ಎನ್ನುವುದಕ್ಕೆ ಅವರು ‘ಖೇಳ’ ಎನ್ನುತ್ತಾರೆ. ಎರಡೂ ಮಕ್ಕಳಾಟಕ್ಕೂ ಸಲ್ಲುವ ಮಾತು, ನಾಟಕಕ್ಕೂ ಸಲ್ಲುವ ಮಾತು.

ಪರದೇಶದಲ್ಲಿ ಆಡಿದವರ ಕಲೆ ಆ ದೇಶದವರ ಕಣ್ಣು ತೆರೆಸುವುದು ಹೊಸದಲ್ಲ. ಜಪಾನಿನ ಕಾವಾಕಾಮಿ ಒಟೊಜಿರೊ ಎಂಬವನು 1899ರಲ್ಲಿ ತನ್ನ ಹೆಂಡತಿ ಸದಾಯಾಕ್ಕೊಳೊಂದಿಗೆ ನಾಟಕ ಮಂಡಳಿಯನ್ನು ಕಟ್ಟಿಕೊಂಡು ಅಮೆರಿಕೆಗೆ ಹೋದ. ಮರುವರುಷ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಆಡಿದ. ನೋಡುವವರಿಗೆ ಭಾಷೆ ತಿಳಿಯದೆಂದು ಮಾತನ್ನು ಕತ್ತರಿಸಿ ಕುಣಿತ, ಕತ್ತಿವರಸೆಗಳನ್ನು ಹೆಚ್ಚಿಸಿದರು. ಯುರೋಪಿನ ಕಲಾವಿದರು ಬೆರಗಾದರು. ತರುಣ ಪಿಕಾಸೊ ಕೂಡ ಸದಾಯಾಕ್ಕೊಳ ಚಿತ್ರ ಬರೆದ. ಅವಳ ಹೆಸರು, ಅವಳ ಮುಖ, ಅವಳು ಆಡಿದ ದಿನಗಳು ಎಲ್ಲ ಉಳಿದಿವೆ. ಪತ್ರಿಕೆಗಳಿದ್ದವು, ಛಾಯಾಚಿತ್ರವಿದ್ದಿತು. ಕರ್ಕಿಯವರಿಗೆ ಅದೊಂದೂ ಇರಲಿಲ್ಲ. ಬೆಳಗಾಗುವುದರೊಳಗೆ ಬಣ್ಣ ತೊಳೆದುಕೊಂಡು ಮುಂದಿನ ಊರಿಗೆ ನಡೆದ ಜನ ಅವರು.

ಇದನ್ನೇ ಹಿಡಿದುಕೊಂಡು ‘ಮರಾಠಿ ರಂಗಭೂಮಿಗೆ ಕನ್ನಡವೇ ತಾಯಿ’ ಎಂದು ರಾಜ್ಯೋತ್ಸವದ ವೇದಿಕೆಯಿಂದ ಘೋಷಿಸುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಏಕೆಂದರೆ ಮುಂದಿನ ನಾಲ್ವತ್ತು ವರುಷದ ಲೆಕ್ಕವನ್ನು ಆ ವೇದಿಕೆಯವರು ಹೇಳುವುದಿಲ್ಲ. ಭಾವೆಯ ಯಶಸ್ಸನ್ನು ಕಂಡು ಮಂಡಳಿಯ ಮೇಲೆ ಮಂಡಳಿ ಹುಟ್ಟಿದವು. ಚಿಕ್ಕೋಡಿ ನಿಪ್ಪಾಣಿಗಳ ಮಗ್ಗುಲಿನ ಇಚಲಕರಂಜಿಯ ಹೆಸರಿನಲ್ಲಿಯೇ ಒಂದಿದ್ದಿತು. ಅವು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೆ ಇಳಿದು ಬಂದವು. ಕನ್ನಡ ಜನ ದುಡ್ಡು ಕೊಟ್ಟು ಮರಾಠಿ ನಾಟಕ ನೋಡಿ, ಮರಾಠಿ ಪದ ಗುಣಗುಣಿಸುತ್ತ ಮನೆಗೆ ಹೋದರು. ತಮ್ಮ ಮನೆಯಿಂದ ಹೋದದ್ದೇ ಹೊಸ ಜರಿ ಹಾಕಿಕೊಂಡು ತಿರುಗಿ ಬಂದಿದೆಯೆಂದು ಅವರಿಗೆ ಗುರುತು ಸಿಗಲಿಲ್ಲ. ಕನ್ನಡದಲ್ಲಿ ಇಂಥ ನಾಟಕವಾಗದೇ ಎಂಬ ಕಿಚ್ಚಿನಿಂದ 1870ರ ದಶಕದಲ್ಲಿ ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ಮಂಡಳಿ ಕಟ್ಟಿದರು. ಅಂದರೆ ನಮ್ಮ ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯು ಮರಾಠಿಯವರೊಂದಿಗೆ ಪೈಪೋಟಿಗೆ ನಿಂತೇ ಹುಟ್ಟಿತು. ಮಗ್ಗುಲಲ್ಲಿಯೇ, ಸವದತ್ತಿಯ ಹತ್ತಿರದ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿಸಿ ಮರಾಠಿಗೆ ಸಂಗೀತ ನಾಟಕದ ಯುಗವನ್ನೇ ತೆರೆದರು. ಯಾರ ಸಾಲ ಯಾರ ಮೇಲೆ? ಬಡ್ಡಿ ಹಾಕುತ್ತ ಕುಳಿತರೆ ಎರಡೂ ಕಡೆಯ ಕುಲಕರ್ಣಿಗಳಿಗೆ ಕೆಲಸ ಮುಗಿಯದು.

ರೈಲು ಬಂದ ಮೇಲಂತೂ ಮೀರಜ, ಕುಡಚಿ, ರಾಯಬಾಗಗಳ ಹಾದಿಯಲ್ಲಿ ಕಲಾವಿದರ ಓಡಾಟ ಇಮ್ಮಡಿಯಾಯಿತು. ಉತ್ತರದ ಕೈರಾನಾದಲ್ಲಿ ಹುಟ್ಟಿದ ಅಬ್ದುಲ್ ಕರೀಮಖಾನರು ಮೀರಜದವರೇ ಆಗಿ, 1937ರಲ್ಲಿ ಅಲ್ಲಿಯ ಮಣ್ಣಿಗೇ ಸೇರಿದರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು ಮರಾಠಿ ರಂಗಭೂಮಿಯ ಮೇಲೆ ಹಾಡಿ ಸವಾಯಿ ಗಂಧರ್ವರೆಂದು ಹೆಸರುಗೊಂಡರು. ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ, ಅಮೀರಬಾಯಿಯರಲ್ಲಿ ಒಬ್ಬಾಕೆ ಬಾಲಗಂಧರ್ವರ ಮಂಡಳಿಗೆ ಹೋದಳು, ಇನ್ನೊಬ್ಬಾಕೆ ಮುಂಬಯಿಯ ಚಿತ್ರಗಳಲ್ಲಿ ಹಾಡಿ ದೇಶಕ್ಕೆಲ್ಲ ಪರಿಚಿತಳಾದಳು. ಇವರಿಬ್ಬರೂ ಹೋದಲ್ಲೆಲ್ಲ ‘ಕರ್ನಾಟಕಿ’ ಎಂಬ ಅಂಕಿತವನ್ನು ಹೆಸರಿಗೆ ಕಟ್ಟಿಕೊಂಡೇ ಹೋದರು. ಕರ್ಕಿಯವರಿಗೆ ದಕ್ಕಿದ್ದು ಬರಿಯ ಅಂಕಿತ, ಹೆಸರು ದಕ್ಕಲಿಲ್ಲ.

ಭಾವೆಯವರ ಬಾಳಿನಲ್ಲಿಯೂ ಒಂದು ತಿರುವು ಬಂದಿತು. 1851ರಲ್ಲಿ ಚಿಂತಾಮಣರಾವ ಅಪ್ಪಾಸಾಹೇಬರು ತೀರಿಕೊಂಡರು. ದರಬಾರದ ಆಶ್ರಯ ತಪ್ಪಿತು. ನಟರ ಹೊಟ್ಟೆ ಹೊರೆಯಬೇಕು. ಆಗ ಆ ಆಸ್ಥಾನದ ಕವಿ ಸಾಮಾನು ಕಟ್ಟಿಕೊಂಡು ಊರೂರು ತಿರುಗಲು ಹೊರಟರು. ಪುಣೆಯಲ್ಲಿ ಆಡಿದರು, 1853ರಲ್ಲಿ ಮುಂಬಯಿಯಲ್ಲಿ ದುಡ್ಡು ಕೊಟ್ಟು ನೋಡುವವರ ಮುಂದೆ ಆಡಿದರು. ಅರಮನೆಯ ದೀಪ ಬಿಟ್ಟು ಪರಊರಿನ ಇರುಳಿನಲ್ಲಿ ಬಣ್ಣ ಹಚ್ಚಿಕೊಂಡು ಕುಳಿತಾಗ ಅವರಿಗೆ 1842ರ ಅತಿಥಿಗಳ ಕಷ್ಟ ಎಷ್ಟೆಂಬುದು ತಿಳಿದಿರಬೇಕು. ಕೆಲವು ವರುಷಗಳ ಮೇಲೆ ತಿರುಗಾಟವನ್ನು ಬಿಟ್ಟು ಸಾಂಗಲಿಗೆ ಮರಳಿದರು.

1885ರಲ್ಲಿ ತಮ್ಮ ಪದ್ಯಗಳನ್ನು ‘ನಾಟ್ಯಕವಿತಾಸಂಗ್ರಹ’ವೆಂದು ಅಚ್ಚು ಹಾಕಿಸಿದಾಗ ಭಾವೆಯವರಿಗೆ ವಯಸ್ಸಾಗಿದ್ದಿತು, ಕೀರ್ತಿ ಬಂದಿದ್ದಿತು, ಅರಸರು ಹೋಗಿ ಮೂರು ದಶಕಗಳಾಗಿದ್ದವು. ಎಲ್ಲವೂ ತನ್ನ ತಲೆಯಿಂದಲೇ ಹೊರಟಿತೆಂದು ಬರೆದಿದ್ದರೆ ಅಲ್ಲವೆನ್ನಲು ಸಾಕ್ಷಿಗಳು ಉಳಿದಿರಲಿಲ್ಲ. ಆದರೂ ಆ ಪುಸ್ತಕದ ಮುನ್ನುಡಿಯಲ್ಲಿ, ಕರ್ನಾಟಕದಿಂದ ಭಾಗವತರು ಬಂದು ಸಾಂಗಲಿಯಲ್ಲಿ ಆಟವಾಡಿದರು, ಅದನ್ನು ನೋಡಿ ಅರಸರು ತನಗೆ ಅಪ್ಪಣೆ ಕೊಟ್ಟರು ಎಂಬ ಸಂಗತಿಯನ್ನು ತನ್ನ ಕೈಯಾರೆ ಬರೆದಿಟ್ಟರು. ಇಂದು ನಾವು ಕರ್ಕಿಯ ಮೇಳದ ಮಾತೆತ್ತುವುದು ಮುಖ್ಯವಾಗಿ ಆ ಮರಾಠಿ ಮುನ್ನುಡಿಯ ಬಲದಿಂದ.