ಗೋಡೆ ಮೇಲಿನ 78 ಸಾವಿರ ಹೆಸರು

ಜೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನಲ್ಲಿ ಯಹೂದಿಗಳ ಹಳೆಯ ಕೇರಿಯ ಹೆಸರು ಯೋಸೆಫೊವ್. ಯಹೂದಿಗಳ ಮೇಲಿನ ನಿರ್ಬಂಧ ಸಡಿಲಿಸಿದ ಚಕ್ರವರ್ತಿ ಎರಡನೇ ಜೋಸೆಫನ ನೆನಪಿಗೆ ಇಟ್ಟದ್ದು. ಇಕ್ಕಟ್ಟಾದ ಓಣಿಗಳನ್ನು ಕಲ್ಪಿಸಿಕೊಂಡು ಹೋದವರಿಗೆ ಅಲ್ಲಿ ಕಾಣುವುದು ಅಗಲವಾದ ಬೀದಿ, ಸಿರಿವಂತ ಕಟ್ಟಡಗಳ ಸಾಲು. ನೈರ್ಮಲ್ಯದ ಹೆಸರಿನಲ್ಲಿ 1890ರ ದಶಕದಿಂದ ಹಳೆಯ ಮನೆಗಳನ್ನು ಕೆಡವಲಾಯಿತು. ಉಳಿದದ್ದು ಆರು ಸಿನಗಾಗ್, ಒಂದು ಪುರಭವನ, ಒಂದು ಸ್ಮಶಾನ.

ಆ ಸ್ಮಶಾನವನ್ನು ನೋಡಲೇಬೇಕು. ಅಲ್ಲಿನ ಅತಿ ಹಳೆಯ ಕಲ್ಲು 1439ರದು. ಕೊನೆಯ ಶವ ಹೂತದ್ದು 1787ರಲ್ಲಿ. ಹಿಗ್ಗಿಸಲು ಜಾಗವಿಲ್ಲ, ಹೂತವರನ್ನು ತೆಗೆಯಲು ಧರ್ಮ ಒಪ್ಪದು. ಹಾಗಾಗಿ ಹಳೆಯ ಗೋರಿಗಳ ಮೇಲೆ ಮಣ್ಣು ಸುರಿದು, ಹಳೆಯ ಕಲ್ಲುಗಳನ್ನೂ ಮೇಲಕ್ಕೆತ್ತಿ ನೆಟ್ಟು, ಹೊಸಬರನ್ನು ಹೂಳುತ್ತಾ ಹೋದರು. ಕೆಲವೆಡೆ ಹನ್ನೆರಡು ಪದರಗಳಿವೆಯಂತೆ! ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ.

ಗೋರಿಯೇ ಸಿಗದವರ ಹೆಸರುಗಳು ಪಕ್ಕದ ಪಿಂಕಾಸ್ ಸಿನಗಾಗ್‌ನಲ್ಲಿವೆ. ನಾಜಿಗಳಿಗೆ ಬಲಿಯಾದ ಬೊಹೆಮಿಯಾ, ಮೊರಾವಿಯಾಗಳ ಸುಮಾರು 78,000 ಯಹೂದಿಗಳ ಹೆಸರನ್ನು 1950ರ ದಶಕದಲ್ಲಿ ಅದರ ಒಳಗೋಡೆಗಳ ಮೇಲೆ ಕೈಯಿಂದ ಬರೆಯಲಾಗಿತ್ತು. ಅಂತರ್ಜಲದ ತೇವ ಏರಿ 1968ರಲ್ಲಿ ಮಂದಿರ ಮುಚ್ಚಿತು. ಕಮ್ಯುನಿಸ್ಟ್ ಆಡಳಿತದಲ್ಲಿ ದುರಸ್ತಿ ಎರಡು ದಶಕ ಎಳೆಯಿತು. ಅಷ್ಟರಲ್ಲಿ ಹೆಸರುಗಳು ಗೋಡೆಯಿಂದ ಹೋಗಿದ್ದವು. ತೇವವೊಂದನ್ನೇ ದೂರುವುದು ಕಷ್ಟ. 1989ರಲ್ಲಿ ಆ ಆಡಳಿತ ಕುಸಿಯಿತು. 1992ರಿಂದ 1996ರವರೆಗೆ ಅಷ್ಟೂ ಹೆಸರುಗಳನ್ನು ಮೊದಲಿನಿಂದ ಬರೆದರು: ಊರುವಾರು, ಕುಟುಂಬವಾರು, ಹುಟ್ಟಿದ ದಿನದೊಂದಿಗೆ.