ಎಸ್ಪೆರಾಂಟೋ ಭಾಷೆಯೂ ಪುಲಿಗೆರೆಯ ಕನ್ನಡವೂ

ಭಾಷೆಯು ಜನರನ್ನು ಕೂಡಿಸುವಂತೆಯೇ ಅಗಲಿಸುವುದೂ ಉಂಟು. ಇಂದು ಪೋಲೆಂಡಿಗೆ ಸೇರಿರುವ ಬಿಯಾಲಿಸ್ಟಾಕ್ ಪಟ್ಟಣವು ೧೯ನೆಯ ಶತಮಾನದಲ್ಲಿ ರಷ್ಯಾ ಚಕ್ರಾಧಿಪತ್ಯದೊಳಗಿದ್ದಿತು. ಯೆಹೂದ್ಯರು, ಪೋಲರು, ರಷ್ಯನರು, ಜರ್ಮನರು ಅಲ್ಲಿ ನೆರೆಹೊರೆಯಲ್ಲಿದ್ದರೂ ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಅಲ್ಲಿ ೧೮೫೯ರಲ್ಲಿ ಜನಿಸಿ ಮುಂದೆ ನೇತ್ರವೈದ್ಯನಾದ ಜಾಮೆನ್‌ಹಾಫ್ ಎಂಬ ಯೆಹೂದ್ಯನು ಈ ವೈರಕ್ಕೆ ಮದ್ದೆಂದು ಹೊಸ ಭಾಷೆಯೊಂದನ್ನು ರಚಿಸಿದನು. ಅದರ ಮೊದಲ ಪುಸ್ತಕವು ೧೮೮೭ರಲ್ಲಿ ವಾರ್ಸಾದಲ್ಲಿ ಅಚ್ಚಾಯಿತು. ಅದರಲ್ಲಿ ಆತನು ಧರಿಸಿದ ಹೆಸರು ‘ಡಾಕ್ಟರ್ ಎಸ್ಪೆರಾಂಟೋ’, ಎಂದರೆ ಆಶಿಸುವವನು. ಆ ಹೆಸರೇ ಭಾಷೆಗೂ ನಿಂತಿತು.

ಅದರ ವ್ಯಾಕರಣವು ೧೬ ನಿಯಮಗಳಲ್ಲಿ ಅಡಗಿದೆ. ‘ಬೋನಾ’ ಎಂದರೆ ಒಳ್ಳೆಯದು. ‘ಮಲ್’ ಎಂಬುದನ್ನು ಮುಂದಿಟ್ಟು ‘ಮಲ್‌ಬೋನಾ’ ಎಂದರೆ ಕೆಟ್ಟದ್ದು. ಮಾತೃಭಾಷೆಗಳನ್ನು ತೊಲಗಿಸುವುದು ಆತನ ಉದ್ದೇಶವಲ್ಲ. ಎಲ್ಲರಿಗೂ ಸಮಾನವಾದ ಎರಡನೆಯ ನುಡಿಯೊಂದಿದ್ದರೆ ಯಾರ ನುಡಿಯೂ ಇನ್ನೊಬ್ಬರ ಮೇಲೆ ದೊರೆತನ ನಡೆಸದೆಂದು ಆತನು ಬಗೆದನು.

ಹಲವು ನುಡಿಗಳ ನಡುವೆ ಒಂದು ಸಾಮಾನ್ಯ ರೂಪವನ್ನು ಅರಸುವ ಕೆಲಸ ನಮಗೂ ಹೊಸದಲ್ಲ. ಸುಮಾರು ಕ್ರಿ.ಶ. ೮೫೦ರಲ್ಲಿ, ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡದ ದೇಸಿಗಳು ಬೇರೆಬೇರೆಯಾದುದರಿಂದ ಅವುಗಳ ದೋಷವನ್ನೆಣಿಸಲು ವಾಸುಕಿಯೂ ಬೇಸರುವನೆನ್ನುತ್ತದೆ. ಆದರೆ ಅದು ಹೊಸ ನುಡಿಯನ್ನು ಕಟ್ಟಲಿಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ಜನರ ಮಾತನ್ನೇ ಕನ್ನಡದ ತಿರುಳೆಂದು ಆರಿಸಿತು. ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಹತ್ತನೆಯ ಶತಮಾನದಲ್ಲಿ ದೂರದ ವೇಮುಲವಾಡದ ಅರಸನಿಗಾಗಿ ಭಾರತವನ್ನು ಬರೆದ ಪಂಪನೂ ಪುಲಿಗೆರೆಯ ತಿರುಳ್ಗನ್ನಡವನ್ನೇ ಹೆಸರಿಸಿದನು.

ಮುಂದೆ ಇದೇ ಸೀಮೆಯು ಹರಿದು ಹಂಚಿಹೋಯಿತು. ಬ್ರಿಟಿಷರ ಕಾಲದಲ್ಲಿ ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಗೂ, ಲಕ್ಷ್ಮೇಶ್ವರವು ಮೀರಜ ಸಂಸ್ಥಾನಕ್ಕೂ, ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಆ ಸಂಸ್ಥಾನಗಳು ೧೯೪೮ರಲ್ಲಿ ವಿಲೀನವಾದವು. ೧೯೫೬ರಲ್ಲಿ ಈ ನಾಲ್ಕೂ ಊರುಗಳು ಕನ್ನಡ ರಾಜ್ಯದೊಳಗೆ ಬಂದವು. ಆಳುವವರು ಬೇರೆಯಾಗಿದ್ದಷ್ಟು ದಿನವೂ ಅವುಗಳನ್ನು ಕೂಡಿಸಿದ್ದುದು ಮಾತೇ.

ಎಸ್ಪೆರಾಂಟೋವಿಗೆ ಇಂತಹ ನೆಲವಾಗಲಿ ಅರಸಾಗಲಿ ಇರಲಿಲ್ಲ. ಆದರೂ ೧೯೦೫ರಲ್ಲಿ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ ಅದರ ಮೊದಲ ವಿಶ್ವಸಮ್ಮೇಳನ ನೆರೆಯಿತು, ಇಂದಿಗೂ ಅದನ್ನಾಡುವವರಿದ್ದಾರೆ. ಆದರೆ ಜಾಮೆನ್‌ಹಾಫನ ಮೂವರು ಮಕ್ಕಳೂ ಎರಡನೆಯ ಮಹಾಯುದ್ಧದಲ್ಲಿ ನಾಜಿಗಳಿಂದ ಹತರಾದರು. ಒಂದೇ ಜರ್ಮನ್ ಭಾಷೆಯನ್ನಾಡುತ್ತಿದ್ದ ಯೆಹೂದ್ಯರನ್ನೂ ಆ ಹಗೆಯು ಉಳಿಸಲಿಲ್ಲ. ಆದಕಾರಣ ಸಾಮಾನ್ಯ ಭಾಷೆಯು ಸ್ನೇಹಕ್ಕೆ ಬಾಗಿಲನ್ನು ತೆರೆಯಬಲ್ಲುದೇ ಹೊರತು, ಒಳಗೆ ಬರಮಾಡಿಕೊಳ್ಳುವ ಮನಸ್ಸನ್ನು ನಾವೇ ತರಬೇಕಾಗಿದೆ.